ಕೈತೋಟಕ್ಕೆ ಇಟ್ಟಿಗೆ ಅಂಚು: ಸಿಮೆಂಟ್ ಇಲ್ಲದೆ, ಕಡಿಮೆ ಖರ್ಚಿನಲ್ಲಿ ನೀವೇ ಕೂರಿಸುವ ವಿಧಾನ

ಹೂವಿನ ಪಾತಿಯ ಸುತ್ತ ಇಟ್ಟಿಗೆ ಅಂಚು ಬೇಕು, ಎಷ್ಟು ಇಟ್ಟಿಗೆ ತರಲಿ? ಸಿಮೆಂಟ್ ಎಷ್ಟು ಚೀಲ? ಇಷ್ಟು ಸಣ್ಣ ಕೆಲಸಕ್ಕೆ ಗಾರೆಯವರು ಬರುವುದಿಲ್ಲ, ಏನು ಮಾಡಲಿ? ಮೈಸೂರಿನ ಓದುಗರಿಂದ ಈ ಪ್ರಶ್ನೆಗಳು ಬರುತ್ತಲೇ ಇವೆ, ಮಂಡ್ಯದಿಂದಲೂ ಬರುತ್ತವೆ. ಉತ್ತರವನ್ನು ಮೊದಲೇ ಹೇಳುತ್ತೇನೆ: ಮನೆಯಂಗಳದ ಪಾತಿಗೆ ಸಿಮೆಂಟೂ ಬೇಡ, ಗಾರೆಯವರೂ ಬೇಡ. ಇಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಮೈ ಹೂತುಕೊಳ್ಳುವಷ್ಟು ಆಳದ ಕಾಲುವೆ ತೋಡಿ, ಅದರ ತಳವನ್ನು ಗಟ್ಟಿ ಮಾಡಿದರೆ ಅಂಚು ವರ್ಷಗಟ್ಟಲೆ ನಿಲ್ಲುತ್ತದೆ. ತೋಡುವುದರಲ್ಲಿ ಉಳಿಸಿದ ಬೆವರನ್ನು ಆಮೇಲೆ ಎಷ್ಟು ಸಿಮೆಂಟ್ ಸುರಿದರೂ ಸರಿದೂಗಿಸಲು ಆಗುವುದಿಲ್ಲ.

ಸಿಮೆಂಟ್ ಬೇಡ ಎನ್ನುವುದು ದುಡ್ಡು ಉಳಿಸಲು ಮಾತ್ರವಲ್ಲ. ಪಾಯವಿಲ್ಲದ ಒಂದು ಸಾಲು ಇಟ್ಟಿಗೆಯನ್ನು ಸಿಮೆಂಟಿನಲ್ಲಿ ಕಟ್ಟಿದರೆ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣಿನ ಮೇಲೆ ಅದು ಎರಡು ವರ್ಷದೊಳಗೆ ಅಲ್ಲಲ್ಲಿ ಸೀಳುತ್ತದೆ. ಸೀಳಿದ್ದನ್ನು ತೆಗೆಯಲು ಇಟ್ಟಿಗೆಯನ್ನೇ ಒಡೆಯಬೇಕು. ಒಣ ಅಂಚಿನಲ್ಲಿ ಒಂದು ಇಟ್ಟಿಗೆ ಅಲುಗಿದರೆ ಅದೊಂದನ್ನೇ ಕಿತ್ತು ಕೂರಿಸಬಹುದು. ಪಾತಿ ದೊಡ್ಡದು ಮಾಡಬೇಕೆನಿಸಿದರೆ ಸಾಲನ್ನೇ ಎತ್ತಿ ಮುಂದಕ್ಕೆ ಇಡಬಹುದು. ಹೆಚ್ಚಾದ ನೀರು ಸಂದುಗಳಿಂದ ಹೊರಗೆ ಹೋಗುತ್ತದೆ.

ಯಾವ ಬಗೆಯ ಅಂಚು, ಎಷ್ಟು ಇಟ್ಟಿಗೆ

ನಮ್ಮ ಕಡೆ ಸಿಗುವ ಸುಟ್ಟ ಇಟ್ಟಿಗೆ ಸುಮಾರು 9 ಇಂಚು ಉದ್ದ, 4 ಇಂಚು ಅಗಲ, 3 ಇಂಚು ದಪ್ಪ. ಗೂಡಿನಿಂದ ಗೂಡಿಗೆ ಅರ್ಧ ಇಂಚು ಹೆಚ್ಚುಕಡಿಮೆ ಇರುತ್ತದೆ. ಕೆಳಗಿನ ಲೆಕ್ಕವೆಲ್ಲ 30 ಅಡಿ ಉದ್ದದ ಅಂಚಿಗೆ. 30×40 ನಿವೇಶನದ ಮನೆಯ ಮುಂದೆ ಉಳಿಯುವ ಜಾಗಕ್ಕೆ ಹೆಚ್ಚುಕಡಿಮೆ ಇಷ್ಟೇ ಬೇಕಾಗುತ್ತದೆ.

ಓರೆ ಸಾಲು: ಹಳೆಯ ಸರ್ಕಾರಿ ಕಚೇರಿ, ಶಾಲೆಗಳ ಅಂಗಳದಲ್ಲಿ ಕೆಮ್ಮಣ್ಣು, ಸುಣ್ಣ ಬಳಿದು ನಿಲ್ಲಿಸಿದ ಗರಗಸದ ಹಲ್ಲಿನಂಥ ಇಟ್ಟಿಗೆ ಸಾಲನ್ನು ನೀವೆಲ್ಲ ನೋಡಿದ್ದೀರಿ. ಪ್ರತಿ ಇಟ್ಟಿಗೆ 45 ಡಿಗ್ರಿ ಓರೆಯಾಗಿ ಹಿಂದಿನದರ ಮೇಲೆ ಒರಗಿರುತ್ತದೆ. ಅಗಲದ ಮುಖ ದಾರಿಯ ಕಡೆಗೆ ಬರುವಂತೆ ಇಟ್ಟರೆ ಅಡಿಗೆ ಎರಡಕ್ಕಿಂತ ತುಸು ಹೆಚ್ಚು, ಅಂದರೆ 30 ಅಡಿಗೆ ಸುಮಾರು 64 ಇಟ್ಟಿಗೆ ಸಾಕು. 3 ಇಂಚಿನ ಮುಖ ದಾರಿಯ ಕಡೆಗೆ ಬಂದರೆ ಅಂಚು ಇನ್ನೂ ದಪ್ಪವಾಗುತ್ತದೆ, ಹಲ್ಲು ಒತ್ತೊತ್ತಾಗಿ ಚೆನ್ನಾಗಿ ಕಾಣುತ್ತದೆ, ಆದರೆ 85 ಇಟ್ಟಿಗೆ ಬೇಕು.

ನಿಲುವು ಸಾಲು: ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕಪಕ್ಕ ಜೋಡಿಸುವುದು. ಅಡಿಗೆ 3, ಒಟ್ಟು 90. ತಿರುವು ಹೆಚ್ಚಿರುವ ಪಾತಿಗೆ ಇದೇ ಸರಿ.

ಮಲಗಿಸಿದ ಸಾಲು: ಉದ್ದಕ್ಕೆ ಮಲಗಿಸಿದರೆ 40 ಇಟ್ಟಿಗೆ ಸಾಕು. ಅಗ್ಗವೆಂದು ಬಹಳ ಜನ ಇದಕ್ಕೇ ಕೈ ಹಾಕುತ್ತಾರೆ. 3 ಇಂಚು ದಪ್ಪದ ಇಟ್ಟಿಗೆಯನ್ನು ಹೂತರೆ ಮೇಲೆ ಏನೂ ಉಳಿಯುವುದಿಲ್ಲ, ಹೂಳದಿದ್ದರೆ ಕಾಲು ತಗುಲಿದಾಗೆಲ್ಲ ಸರಿಯುತ್ತದೆ. ಹುಲ್ಲುಹಾಸಿನ ಪಕ್ಕದಲ್ಲಿ ನೆಲಮಟ್ಟಕ್ಕೆ ಕೂರಿಸಲು ಮಾತ್ರ ಇದನ್ನು ಬಳಸಿ.

ನನ್ನ ಸಲಹೆ ಓರೆ ಸಾಲು. ಪ್ರತಿ ಇಟ್ಟಿಗೆಯೂ ಇನ್ನೊಂದನ್ನು ಹಿಡಿದು ನಿಲ್ಲುವುದರಿಂದ ಹೊಸಬರ ಕೈಯಲ್ಲೂ ಅದು ಗಟ್ಟಿಯಾಗಿ ಬರುತ್ತದೆ. ಸೊಟ್ಟ ಇಟ್ಟಿಗೆಯೂ ಅದರಲ್ಲಿ ಹೊಂದಿಕೊಳ್ಳುತ್ತದೆ. ಯಾವ ಬಗೆಯಾದರೂ ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ತನ್ನಿ.

ಇಟ್ಟಿಗೆ ಎಲ್ಲಿಂದ, ಹೇಗೆ ಆರಿಸುವುದು

ಖರ್ಚು ಉಳಿಯುವುದೂ ಕೆಲಸ ಕೆಡುವುದೂ ಈ ಹಂತದಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಿಮ್ಮ ಬೀದಿಯಲ್ಲೇ ಕೇಳಿ. ಮನೆ ಕಟ್ಟಿ ಮುಗಿಸಿದವರ ಬಳಿ ನೂರಿನ್ನೂರು ಇಟ್ಟಿಗೆ ಉಳಿದಿರುತ್ತದೆ, ಯಾರಾದರೂ ತೆಗೆದುಕೊಂಡು ಹೋದರೆ ಸಾಕೆಂದು ಅವರೂ ಕಾಯುತ್ತಿರುತ್ತಾರೆ. ಕೇಳದೆ ಮಾತ್ರ ಮುಟ್ಟಬೇಡಿ.

ಎರಡನೆಯದು ಹಳೆಯ ಮನೆ ಕೆಡವಿದ ಇಟ್ಟಿಗೆ. ಹಳೆಯ ಬಡಾವಣೆಗಳಲ್ಲಿ ಹೆಂಚಿನ ಮನೆಗಳನ್ನು ಕೆಡವಿದಾಗ ಒಳ್ಳೆಯ ಇಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾದರೆ ಕರಣೆಯ ಅಂಚಿನಿಂದ ಕೆರೆದರೆ ಗಾರೆ ಉದುರಿಹೋಗುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದಾದರೆ ಕೊಳ್ಳಬೇಡಿ. ಸಿಮೆಂಟ್ ಬಿಡಿಸುವಾಗ ಇಟ್ಟಿಗೆಯೇ ಒಡೆಯುತ್ತದೆ. ಹಳೆಯ ಇಟ್ಟಿಗೆಯ ಅಳತೆ ಮನೆಯಿಂದ ಮನೆಗೆ ಬೇರೆ, ಆದ್ದರಿಂದ ಎಲ್ಲವನ್ನೂ ಒಂದೇ ಮನೆಯದನ್ನು ತನ್ನಿ. ಎಣ್ಣೆ ಬಣ್ಣ ಬಳಿದ ಇಟ್ಟಿಗೆಯನ್ನು ಸೊಪ್ಪು, ತರಕಾರಿಯ ಪಾತಿಗೆ ಬಳಸಲೇಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದು ಪದರ ಪದರವಾಗಿ ಕಳಚಿ ಮಣ್ಣು ಸೇರುತ್ತದೆ.

ಮೂರನೆಯದು ಗೂಡಿನವರು ಪಕ್ಕಕ್ಕೆ ತೆಗೆದಿಟ್ಟ ಮಾಲು. ಉರಿ ಹೆಚ್ಚಾಗಿ ಕಪ್ಪಾಗಿ ಬಾಗಿದ ಇಟ್ಟಿಗೆಯನ್ನು ಗೋಡೆ ಕಟ್ಟುವವರು ಒಯ್ಯುವುದಿಲ್ಲ. ಅದು ಕಲ್ಲಿನಷ್ಟು ಗಟ್ಟಿ, ನೀರು ಹೀರುವುದೂ ಕಡಿಮೆ. ಮಣ್ಣಿನಲ್ಲಿ ಹೂಳುವ ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಬೆಲೆಯೂ ಕಡಿಮೆ. ಇದಕ್ಕೆ ವಿರುದ್ಧವಾದದ್ದು ಅರೆಬೆಂದ ಇಟ್ಟಿಗೆ. ನೋಡಲು ತಿಳಿ ಕಿತ್ತಳೆ ಬಣ್ಣ, ಅಂಚು ನೇರ, ಕಣ್ಣಿಗೆ ಬಲು ಚೆಂದ. ಒಂದು ಮಳೆಗಾಲ ಹಸಿ ಮಣ್ಣಿನಲ್ಲಿ ಕುಳಿತರೆ ಕರಗಿ ಪುಡಿಯಾಗುತ್ತದೆ. ಪುಕ್ಕಟೆ ಕೊಟ್ಟರೂ ಬೇಡ.

ಪರೀಕ್ಷೆ ಸುಲಭ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ, ಠಣ್ ಎನ್ನಬೇಕು. ಡಬ್ ಎಂದರೆ ಬಿಡಿ. ಉಗುರಿನಿಂದ ಗೀರಿ, ಗೆರೆ ಬೀಳಬಾರದು. ಮೂರಡಿ ಎತ್ತರದಿಂದ ಮಣ್ಣಿನ ನೆಲಕ್ಕೆ ಬಿಡಿ, ಎರಡಾಗಬಾರದು. ಸಂದೇಹ ಉಳಿದರೆ ಒಂದನ್ನು ಮನೆಗೆ ತಂದು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ ಆ ಇಟ್ಟಿಗೆ ಕೆಲಸಕ್ಕೆ ಬಾರದು.

ಸಾಗಣೆಯ ವಿಷಯ ಮರೆಯಬೇಡಿ. ಒಂದು ಇಟ್ಟಿಗೆ ಸುಮಾರು 3 ಕಿಲೋ. 70 ಇಟ್ಟಿಗೆ ಎಂದರೆ 200 ಕಿಲೋ ದಾಟಿತು. ಸಣ್ಣ ಲೋಡಿಗೆ ಗೂಡ್ಸ್ ಆಟೊ ಬಾಡಿಗೆಯೇ ಇಟ್ಟಿಗೆಯ ಬೆಲೆಯನ್ನು ಮೀರಬಹುದು. ಪಕ್ಕದ ಮನೆಯವರಿಗೂ ಬೇಕೇ ಎಂದು ಕೇಳಿ ಒಂದೇ ಗಾಡಿಯಲ್ಲಿ ತರಿಸಿ. ಮಳೆಗಾಲದಲ್ಲಿ ಹಸಿ ಇಟ್ಟಿಗೆ ಒಣಗದ ಕಾರಣ ಗೂಡುಗಳ ಕೆಲಸ ನಿಧಾನವಾಗಿ ಬೆಲೆ ಏರುತ್ತದೆ. ಸಂಕ್ರಾಂತಿ ಕಳೆದ ಮೇಲೆ, ಮೇ ತಿಂಗಳ ಮಳೆ ಹಿಡಿಯುವ ಮೊದಲು ಕೊಳ್ಳಿ. ಕೆಲಸಕ್ಕೂ ಅದೇ ಒಳ್ಳೆಯ ಕಾಲ.

ಬೇರೆ ಏನು ಬೇಕು

ಗುದ್ದಲಿ, ಹಾರೆ, ಬಾಂಡ್ಲಿ, ಕರಣೆ, ಸುತ್ತಿಗೆ, ಒಂದು ಮರದ ತುಂಡು, ನಾಲ್ಕು ಗೂಟ, ನೈಲಾನ್ ದಾರ, ಅಳತೆ ಟೇಪು. ರಸಮಟ್ಟ (ಗಾಜಿನ ನಳಿಕೆಯೊಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿಯಿದೆ ಎಂದು ತೋರಿಸುವ ಸಾಧನ) ಇದ್ದರೆ ಒಳ್ಳೆಯದು, ಕೊಳ್ಳಲೇಬೇಕೆಂದಿಲ್ಲ. ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, 30 ಅಡಿಗೆ ಸಿಮೆಂಟ್ ಚೀಲದ ಲೆಕ್ಕದಲ್ಲಿ ಮೂರು ಚೀಲ ಸಾಕು. ಗಟ್ಟಿ ಕೈಗವಸು ಮತ್ತು ಮುಚ್ಚಿದ ಪಾದರಕ್ಷೆ ಕಡ್ಡಾಯ. ಬಹಳ ದಿನ ಒಂದೇ ಕಡೆ ಬಿದ್ದಿದ್ದ ಇಟ್ಟಿಗೆ ರಾಶಿಯಲ್ಲಿ ಚೇಳು ಇರುತ್ತದೆ. ಹೊರವಲಯದ ಬಡಾವಣೆಗಳಲ್ಲಿ ಹಾವೂ ಇರಬಹುದು. ಮೇಲಿನಿಂದ ಒಂದೊಂದಾಗಿ, ಕೋಲಿನಿಂದ ತಟ್ಟಿ ತೆಗೆಯಿರಿ. ಸಂದಿಯೊಳಗೆ ಬೆರಳು ಹಾಕಿ ಎಳೆಯಬೇಡಿ.

ಕೆಲಸದ ಹಂತಗಳು

1. ನೆಲದ ಕೆಳಗೆ ಏನಿದೆ ಎಂದು ತಿಳಿದುಕೊಳ್ಳಿ. ಮೀಟರಿನಿಂದ ಮನೆಗೆ ಬರುವ ನೀರಿನ ಪೈಪು, ಒಳಚರಂಡಿಯ ಚೇಂಬರುಗಳ ನಡುವಿನ ಕೊಳವೆ, ಗೇಟಿನ ದೀಪಕ್ಕೆ ಎಳೆದ ವೈರು ಎಲ್ಲವೂ ಅಂಗಳದಲ್ಲೇ ಹಾದುಹೋಗಿರುತ್ತವೆ. ಎರಡು ಚೇಂಬರುಗಳನ್ನು ಕೂಡಿಸುವ ನೇರ ಗೆರೆಯ ಮೇಲೆ ಕಾಲುವೆ ತೋಡಬೇಡಿ. ಕಾಂಪೌಂಡಿನ ಹೊರಗಿನ ಜಾಗ ರಸ್ತೆಗೆ ಸೇರಿದ್ದು. ಅಲ್ಲಿ ವಿದ್ಯುತ್, ದೂರವಾಣಿ ಕೇಬಲ್‌ಗಳೂ ಇರುತ್ತವೆ. ಅಲ್ಲಿ ಹಾರೆ ಹಾಕುವ ಕೆಲಸಕ್ಕೆ ಹೋಗಬೇಡಿ.

2. ಗುರುತು ಹಾಕಿ. ನೇರ ಅಂಚಿಗೆ ಎರಡು ಗೂಟ, ನಡುವೆ ದಾರ. ತಿರುವಿಗೆ ನೀರಿನ ಪೈಪನ್ನು ನೆಲದ ಮೇಲೆ ಹಾಸಿ, ಬೇಕಾದ ಆಕಾರ ಬರುವ ತನಕ ಸರಿಸಿ ನೋಡಿ. ಆಮೇಲೆ ಅದರ ಪಕ್ಕದಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆಯಿರಿ. ಮೂಲೆ ಸರಿಯಾಗಿ ಬರಬೇಕಾದರೆ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತಿಸಿ. ಆ ಎರಡು ಗುರುತುಗಳ ನಡುವಿನ ಓರೆ ಅಳತೆ ಸರಿಯಾಗಿ 5 ಅಡಿ ಬಂದರೆ ಮೂಲೆ ಚೌಕವಾಗಿದೆ. ಮನೆಯ ಗೋಡೆಗೆ ಒತ್ತಿ ಪಾತಿ ಮಾಡಬೇಡಿ. ಗೋಡೆಯಿಂದ ಕನಿಷ್ಠ ಒಂದು ಅಡಿ ಬಿಡಿ. ಪಾತಿಯ ಹಸಿ ಮಣ್ಣು ಗೋಡೆಗೆ ತಾಗಿದರೆ ತೇವ ಒಳಗಡೆ ಏರಿ ಸುಣ್ಣಬಣ್ಣ ಉದುರುತ್ತದೆ.

3. ಕಾಲುವೆ ತೋಡಿ. ಆಳ 7 ಇಂಚು, ಅಗಲ 6 ಇಂಚು. ಇದರಲ್ಲಿ 2 ಇಂಚು ಮರಳಿಗೆ, 5 ಇಂಚು ಇಟ್ಟಿಗೆಗೆ. ಮೇಲೆ 4 ಇಂಚು ಕಾಣುತ್ತದೆ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಹಾರೆಗೂ ಬಗ್ಗುವುದಿಲ್ಲ, ಹಿಂದಿನ ಸಂಜೆ ಗೆರೆಯ ಉದ್ದಕ್ಕೂ ನೀರು ಹಾಯಿಸಿ. ನಿಮ್ಮದು ಎರೆ ಮಣ್ಣು, ಅಂದರೆ ಒಣಗಿದಾಗ ಬಿರುಕು ಬಿಡುವ ಕಪ್ಪು ಮಣ್ಣಾಗಿದ್ದರೆ ಆಳವನ್ನು 9 ಇಂಚಿಗೆ ಹೆಚ್ಚಿಸಿ ಮರಳನ್ನು ದುಪ್ಪಟ್ಟು ಮಾಡಿ. ಗದ್ದೆಯ ಮೇಲೆ ಎದ್ದ ಬಡಾವಣೆಗಳಲ್ಲಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಾವು, ಸಂಪಿಗೆಯಂಥ ದೊಡ್ಡ ಮರದ ದಪ್ಪ ಬೇರು ಅಡ್ಡ ಬಂದರೆ ಕಡಿಯಬೇಡಿ, ಗೆರೆಯನ್ನೇ ಬಳಸಿಕೊಂಡು ಹೋಗಿ. ತೆಗೆದ ಮಣ್ಣನ್ನು ಪಾತಿಯ ಒಳಗಡೆಯೇ ಹಾಕಿ, ಆಮೇಲೆ ಬೇಕಾಗುತ್ತದೆ.

ಕಾಲುವೆ ತೋಡುವಾಗ ಕಾಣುವ ಗರಿಕೆಯ ಬೇರುಗಳನ್ನೆಲ್ಲ ಆರಿಸಿ ತೆಗೆಯಿರಿ. ಒತ್ತಾಗಿ ಕೂರಿಸಿದ ಅಂಚು ಗರಿಕೆಯ ಓಟವನ್ನು ಬಹುಮಟ್ಟಿಗೆ ತಡೆಯುತ್ತದೆ. ಜೇಕಿನ ಮಾತು ಬೇರೆ. ಅದರ ಗಡ್ಡೆ ಇನ್ನೂ ಆಳದಲ್ಲಿರುತ್ತದೆ, ಯಾವ ಇಟ್ಟಿಗೆಯೂ ಅದನ್ನು ನಿಲ್ಲಿಸದು. ಗಡ್ಡೆ ಸಮೇತ ಅಗೆದು ತೆಗೆಯುವುದೊಂದೇ ದಾರಿ.

4. ತಳ ಗಟ್ಟಿ ಮಾಡಿ. ಅಂಚು ಹಾಳಾದ ಮನೆಗಳಲ್ಲಿ ವಿಚಾರಿಸಿದರೆ ಹತ್ತರಲ್ಲಿ ಒಂಬತ್ತು ಕಡೆ ಈ ಹಂತವನ್ನೇ ಬಿಟ್ಟಿರುತ್ತಾರೆ. ಕಾಲುವೆಯ ತಳದ ಸಡಿಲ ಮಣ್ಣನ್ನು ಕರಣೆಯಿಂದ ಬಾಚಿ ತೆಗೆಯಿರಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಕುಟ್ಟಿ. ದಿಮ್ಮಸು ಎಂದರೆ ಮಣ್ಣು ಕುಟ್ಟಿ ಕೂರಿಸುವ ಭಾರದ ಸಾಧನ. ಇಲ್ಲದಿದ್ದರೆ ದಪ್ಪ ಮರದ ತುಂಡಿನ ತುದಿ ಸಾಕು. ಹಿಮ್ಮಡಿ ಊರಿದರೆ ಗುರುತು ಮೂಡದಷ್ಟು ಗಟ್ಟಿಯಾಗಬೇಕು. ಅದರ ಮೇಲೆ 2 ಇಂಚು ಮರಳು ಹರಡಿ, ನೀರು ಹಾಕಿ, ಮತ್ತೆ ಕುಟ್ಟಿ. ಹೊರಗಿನಿಂದ ಮಣ್ಣು ತಂದು ತುಂಬಿಸಿದ ನಿವೇಶನವಾದರೆ ಎರಡು ದಿನ ಬಿಟ್ಟು, ಕುಸಿದ ಕಡೆ ಮತ್ತೆ ತುಂಬಿ ಕುಟ್ಟಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋಗಿ.

5. ಎತ್ತರದ ದಾರ ಕಟ್ಟಿ. ನೆಲದಿಂದ 4 ಇಂಚು ಮೇಲೆ, ಅಂಚಿನ ಹೊರಮುಖದ ಗೆರೆಗೆ ಸರಿಯಾಗಿ. ದಾರ ಜೋಲಬಾರದು. ನೆಲ ಸ್ವಲ್ಪ ಇಳಿಜಾರಾಗಿದ್ದರೆ ದಾರವೂ ನೆಲದ ಜೊತೆಯಲ್ಲೇ ಇಳಿಯಲಿ, ಒಣ ಅಂಚಿಗೆ ಅದರಿಂದ ತೊಂದರೆಯಿಲ್ಲ.

6. ಇಟ್ಟಿಗೆ ಕೂರಿಸಿ. ಓರೆ ಸಾಲಿನ ಗುಟ್ಟು ಮೊದಲ ಇಟ್ಟಿಗೆಯಲ್ಲಿದೆ. ಸಾಲಿನ ತುದಿಯಲ್ಲಿ ಒಂದು ಇಟ್ಟಿಗೆಯನ್ನು ನೆಟ್ಟಗೆ ಹೂತು ಸುತ್ತ ಕುಟ್ಟಿ. ಅದೇ ಉಳಿದವುಗಳಿಗೆ ಆಸರೆ. ಎರಡನೆಯದನ್ನು ಅದಕ್ಕೆ ಒರಗಿಸಿ, ಹಿಂದೆ ಒಡೆದ ಚೂರುಗಳನ್ನು ತುರುಕಿ ಓರೆ ಹಿಡಿಸಿ. 45 ಡಿಗ್ರಿ ಅಳೆಯಲು ಚೌಕವಾದ ಒಂದು ರಟ್ಟನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಸಾಕು, ಆ ತ್ರಿಕೋನವನ್ನೇ ಪ್ರತಿ ಇಟ್ಟಿಗೆಯ ಪಕ್ಕ ಹಿಡಿದು ನೋಡಿ. ಮುಂದಿನವನ್ನು ಒಂದರ ಮೇಲೊಂದು ಒರಗಿಸುತ್ತ ಹೋಗಿ. ಮೇಲಿನ ಮೂಲೆ ದಾರಕ್ಕೆ ತಾಗಿಯೂ ತಾಗದಂತೆ ಇರಬೇಕು. ದಾರವನ್ನು ಇಟ್ಟಿಗೆ ತಳ್ಳಿದರೆ ಮುಂದಿನದೆಲ್ಲ ಸೊಟ್ಟಗಾಗುತ್ತದೆ. ಎತ್ತರ ಹೆಚ್ಚಾದರೆ ಮರದ ತುಂಡು ಇಟ್ಟು ಅದರ ಮೇಲೆ ಮೆಲ್ಲಗೆ ಬಡಿಯಿರಿ, ಇಟ್ಟಿಗೆಗೆ ನೇರವಾಗಿ ಸುತ್ತಿಗೆ ಬೀಳಬಾರದು. ಕಡಿಮೆಯಾದರೆ ತೆಗೆದು ಕೆಳಗೆ ಒಂದು ಹಿಡಿ ಮರಳು ಹಾಕಿ. ಇಟ್ಟಿಗೆಯ ಮೇಲೆ ಗೂಡಿನವರ ಅಕ್ಷರ ಒತ್ತಿದ ಹಳ್ಳವಿದ್ದರೆ ಆ ಮುಖ ಪಾತಿಯ ಒಳಗಡೆಗೆ ಇರಲಿ.

ಐದಾರು ಇಟ್ಟಿಗೆಗೊಮ್ಮೆ ಎದ್ದು ದೂರ ನಿಂತು ನೋಡಿ. ಕೂತಲ್ಲಿಂದ ಕಾಣದ ಓರೆಕೋರೆ ಗೇಟಿನ ಬಳಿಯಿಂದ ಕಾಣುತ್ತದೆ. ಮೂಲೆ ಬಂದಾಗ ಮತ್ತೆ ಒಂದು ಇಟ್ಟಿಗೆಯನ್ನು ನೆಟ್ಟಗೆ ಹೂತು ಹೊಸ ಸಾಲು ಶುರು ಮಾಡಿ. ಕೊನೆಯ ತುದಿಯಲ್ಲೂ ನೆಟ್ಟಗಿನ ಇಟ್ಟಿಗೆ ಇರಲೇಬೇಕು.

7. ನೀರಿಗೆ ದಾರಿ ಬಿಡಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸಂಜೆಯ ಮಳೆ ಒಂದೇ ಸಲಕ್ಕೆ ಸುರಿಯುತ್ತದೆ. ಸುತ್ತ ಅಂಚಿರುವ ಪಾತಿಯಲ್ಲಿ ನೀರು ನಿಂತರೆ ಗುಲಾಬಿ, ಸೇವಂತಿಗೆಯ ಬೇರು ಕೊಳೆಯುತ್ತದೆ. ಇಳಿಜಾರಿನ ಕಡೆಯಲ್ಲಿ 6 ಅಡಿಗೊಂದರಂತೆ ಬೆರಳು ತೂರುವಷ್ಟು ಸಂದು ಬಿಡಿ. ಓರೆ ಸಾಲಿನಲ್ಲಾದರೆ ಅಲ್ಲಿ ಎರಡು ನಿಲುವು ಇಟ್ಟಿಗೆಗಳನ್ನು ಹೂತು ಅವುಗಳ ನಡುವೆ ಸಂದು ಬಿಡಬೇಕು. ಒಳಗಡೆಯಿಂದ ಸಂದಿಗೆ ಒಂದು ಹಿಡಿ ಜಲ್ಲಿ ಹಾಕಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ. ತಾರಸಿಯ ಮಳೆನೀರಿನ ಕೊಳವೆ ಪಾತಿಗೆ ಸುರಿಯುತ್ತಿದ್ದರೆ ಮೊದಲು ಅದನ್ನು ಬೇರೆ ಕಡೆ ತಿರುಗಿಸಿ.

8. ಎರಡೂ ಬದಿ ತುಂಬಿ ಕುಟ್ಟಿ. ಒಂದು ಬದಿಗೆ ಪೂರ್ತಿ ತುಂಬಿ ಆಮೇಲೆ ಇನ್ನೊಂದಕ್ಕೆ ಹೋದರೆ ಸಾಲೇ ವಾಲುತ್ತದೆ. ಹೊರಗೆ ಒಂದು ಪದರ, ಒಳಗೆ ಒಂದು ಪದರ, ಹೀಗೆ ಬದಲಾಯಿಸುತ್ತ ಕೋಲಿನಿಂದ ಕುಟ್ಟಿ. ನೀರು ಹಾಯಿಸಿ ಮರುದಿನ ನೋಡಿದರೆ ಮಣ್ಣು ಒಂದಿಂಚು ಇಳಿದಿರುತ್ತದೆ, ಮತ್ತೆ ತುಂಬಿ. ಪಾತಿಯ ಮಣ್ಣು ಅಂಚಿನ ಮೇಲ್ತುದಿಗಿಂತ 2 ಇಂಚು ಕೆಳಗಿರಲಿ, ಇಲ್ಲವಾದರೆ ನೀರು ಹಾಕಿದಾಗೆಲ್ಲ ಕೆಮ್ಮಣ್ಣು ಅಂಗಳಕ್ಕೆ ಹರಿಯುತ್ತದೆ.

ಸಿಮೆಂಟ್ ಯಾವಾಗ ಬೇಕೇ ಬೇಕು

ಎರಡು ಕಡೆ. ಕಾರು, ಸ್ಕೂಟರ್ ಚಕ್ರ ತಾಗುವ ಜಾಗ ಒಂದು. ಅಂಚು 9 ಇಂಚಿಗಿಂತ ಎತ್ತರವಾಗಿ ಹಿಂದೆ ಮಣ್ಣಿನ ಭಾರ ತಡೆಯಬೇಕಾದ ಜಾಗ ಇನ್ನೊಂದು. ಅಲ್ಲಿ ಕಾಂಕ್ರೀಟ್ ತಳ ಹಾಕಿ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಲ್ಲಿ ಕಟ್ಟಬೇಕು. ಇಟ್ಟಿಗೆಯನ್ನು ಮೊದಲು ನೀರಿನಲ್ಲಿ ನೆನೆಸಿರಬೇಕು, ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಕಟ್ಟಿದ ಮೇಲೆ ಏಳು ದಿನ ಕ್ಯೂರಿಂಗ್, ಅಂದರೆ ಒಣಗದಂತೆ ನೀರುಣಿಸುವುದು. ಎರಡು ಅಡಿಗಿಂತ ಎತ್ತರದ್ದಾದರೆ ನೀವಾಗಿ ಕಟ್ಟಲು ಹೋಗಬೇಡಿ, ಅನುಭವವಿರುವ ಗಾರೆಯವರನ್ನೇ ಕರೆಯಿರಿ.

ಬಣ್ಣ ಬಳಿಯುವುದಿದ್ದರೆ

ಎಣ್ಣೆ ಬಣ್ಣ ಬೇಡ. ಮಣ್ಣಿನ ತೇವ ಇಟ್ಟಿಗೆಯೊಳಗೆ ಏರಿ ಹೊರಬರಲು ದಾರಿಯಿಲ್ಲದೆ ಬಣ್ಣವನ್ನು ಪೊರೆಯಂತೆ ಎಬ್ಬಿಸುತ್ತದೆ. ಕೆಮ್ಮಣ್ಣು ಮತ್ತು ಸುಣ್ಣ ಇಟ್ಟಿಗೆಯನ್ನು ಉಸಿರಾಡಲು ಬಿಡುತ್ತವೆ, ಖರ್ಚೂ ಅತಿ ಕಡಿಮೆ. ಮಳೆಗೆ ತೊಳೆದುಹೋಗುತ್ತದೆ, ನಿಜ; ದಸರೆಗೆ ಮನೆ ಶುಚಿ ಮಾಡುವಾಗ ಇದಕ್ಕೂ ಒಂದು ಕೈ ಬಳಿದರಾಯಿತು. ಏನೂ ಬಳಿಯದೆ ಬಿಟ್ಟರೂ ಚೆಂದವೇ. ಬರಿ ಇಟ್ಟಿಗೆಯ ಬಣ್ಣ ಹಸಿರಿನ ಪಕ್ಕದಲ್ಲಿ ಎಷ್ಟು ಒಪ್ಪುತ್ತದೆ ಎಂಬುದನ್ನು ಒಂದು ಮಳೆಗಾಲ ನೋಡಿ, ಆಮೇಲೆ ತೀರ್ಮಾನಿಸಿ.

ತೆಂಗಿನ ಮರದ ಬುಡಕ್ಕೆ ಕಟ್ಟುವವರಿಗೆ

ಕಾಂಡಕ್ಕೆ ಒಂದೆರಡು ಅಡಿ ದೂರದಲ್ಲಿ ಉಂಗುರದಂತೆ ಇಟ್ಟಿಗೆ ಇಟ್ಟು ಒಳಗೆ ಮಣ್ಣು ಏರಿಸುವುದನ್ನು ಬಹಳ ಮನೆಗಳಲ್ಲಿ ನೋಡುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ. ಫಲ ಬಿಡುವ ತೆಂಗಿಗೆ ನೀರು, ಗೊಬ್ಬರ ಕೊಡಬೇಕಾದ್ದು ಬುಡದಿಂದ ಸುಮಾರು 6 ಅಡಿ ತ್ರಿಜ್ಯದ ವೃತ್ತದೊಳಗಿನ ನೆಲಕ್ಕೆಲ್ಲ, ಅಂದರೆ ಕಾಂಡದಿಂದ ಯಾವ ದಿಕ್ಕಿಗಾದರೂ 6 ಅಡಿ ದೂರದವರೆಗೆ. ಅಂಚು ಹಾಕುವುದಾದರೆ ಆ ದೂರಕ್ಕೆ ಹಾಕಿ, ಒಳಗೆ ಮಣ್ಣು ಏರಿಸದೆ ತೆಂಗಿನ ಸಿಪ್ಪೆಯನ್ನು ಕವುಚಿ ಹಾಸಿ. 6 ಅಡಿ ದೂರದ ಪೂರ್ತಿ ವೃತ್ತಕ್ಕೆ 38 ಅಡಿ ಉದ್ದದ ಅಂಚು, ಓರೆ ಸಾಲಿನಲ್ಲಾದರೆ ಸುಮಾರು 80 ಇಟ್ಟಿಗೆ ಬೇಕಾಗುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ತೆಂಗಿಗೆ ಅಂಚೇ ಬೇಡ. ಆ ಇಟ್ಟಿಗೆಯನ್ನು ಹೂವಿನ ಪಾತಿಗೆ ಬಳಸಿ.